ಎರಡು ಸಲ ಬಂದ ಮಂಗಳವಾರ

ತಲೆನೋವು ಎಂದು ಅಕ್ಕ ಮೊದಲ ಸಲ ಬಾಯಿಬಿಟ್ಟಿದ್ದು ಬುಧವಾರ ಮಧ್ಯಾಹ್ನ, ಕುಸ್ಕೋ ಊರಿನ ಹೋಟೆಲೊಂದರ ಮೆಟ್ಟಿಲ ಮೇಲೆ. ಕಳೆದುಹೋದ ಸೂಟ್‌ಕೇಸ್ ವಿಚಾರಿಸಲು ಏರ್‌ಪೋರ್ಟಿಗೆ ಹೋಗಿದ್ದ ನಾನು ಬರಿಗೈಯಲ್ಲಿ ವಾಪಸು ಬಂದಾಗ, ಅವಳು ಒಂದನೇ ಮಹಡಿಗೂ ಎರಡನೇ ಮಹಡಿಗೂ ನಡುವೆ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಒಂದು ನಿಂಬೆಹಣ್ಣು ಇತ್ತು.

"ಇಲ್ಯಾಕೆ ಕೂತಿದ್ದೀಯ?"

"ಕೆಳಗೆ ಹೋಗಿ ನಿಂಬೆಹಣ್ಣು ಇಸ್ಕೊಂಡ್ ಬಂದೆ. ತಲೆ ಸಿಡೀತಿದೆ. ಪಿತ್ತ ಏರಿದೆ ಕಣೇ ಪಮ್ಮಿ, ಅಷ್ಟೇ."

ನಾನೂ ಪಿತ್ತವೇ ಅಂದುಕೊಂಡೆ.

ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಕುಸ್ಕೋ ಇರುವುದು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಸಮುದ್ರ ಮಟ್ಟದಿಂದ ಮೂರು ಸಾವಿರದ ನಾನೂರು ಮೀಟರ್ ಮೇಲೆ. ಸಿಡ್ನಿಯಲ್ಲಿ ಅಕ್ಕ ಇರುವ ಚಾಟ್ಸ್‌ವುಡ್ ದಿಬ್ಬದ ಮೇಲಿದೆ ಅಂತ ಅಲ್ಲಿಯ ಜನ ಹೇಳಿಕೊಳ್ಳುತ್ತಾರೆ, ಆದರೆ ಅದು ನೂರು ಮೀಟರ್ ಇದ್ದರೆ ಹೆಚ್ಚು. ಅಂಥ ಜಾಗದಿಂದ ಹೊರಟು ವಿಮಾನದಿಂದ ವಿಮಾನ ಹತ್ತಿ ಮೋಡದ ಊರಿಗೆ ಹೋಗಿ ಇಳಿದವರಿಗೆ ತಲೆನೋವು ಬಂದರೆ ಯಾವುದನ್ನು ಮೊದಲು ಅನುಮಾನಿಸಬೇಕು? ಎತ್ತರವನ್ನು. ನಾವು ಅನುಮಾನಿಸಿದ್ದು ಪಿತ್ತವನ್ನು. ಯಾಕೆ ಎಂದು ತಿಳಿಯಬೇಕಾದರೆ ಹಿಂದಿನ ದಿನದ್ದನ್ನು ಹೇಳಬೇಕು. ಹಿಂದಿನ ದಿನ ಮಂಗಳವಾರ. ಅದರ ಹಿಂದಿನ ದಿನವೂ ಮಂಗಳವಾರ.

ನಾನು ಪದ್ಮ. ಮೈಸೂರಿನವಳು. ಆಸ್ಟ್ರೇಲಿಯಕ್ಕೆ ಬಂದು ಹದಿನೆಂಟು ವರ್ಷವಾಯಿತು, ಇರುವುದು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ. ಡಾಕ್‌ಲ್ಯಾಂಡ್ಸಿನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಮೂರು ವರ್ಷದ ಹಿಂದೆ ಡಿವೋರ್ಸ್ ಆಯಿತು. ಮಕ್ಕಳಿಲ್ಲ. ಒಬ್ಬಳೇ ಇದ್ದೇನೆ, ಆರಾಮಾಗಿದ್ದೇನೆ. ಹಾಗೆಂದರೆ ಯಾರೂ ನಂಬುವುದಿಲ್ಲ, ಅದಕ್ಕೆ ಹೇಳುವುದನ್ನೇ ಬಿಟ್ಟಿದ್ದೇನೆ.

ಅಕ್ಕ ಶಾರದ ನನಗಿಂತ ಎಂಟು ವರ್ಷ ದೊಡ್ಡವಳು. ಸಿಡ್ನಿಯಲ್ಲಿ ಚೈಲ್ಡ್‌ಕೇರ್ ಒಂದರಲ್ಲಿ ಟೀಚರ್. ದೇವರು, ದಿಂಡರು, ಏಕಾದಶಿ, ಸಂಕಷ್ಟಿ ಎಲ್ಲ ಅವಳ ಪಾಲಿಗೆ, ಅದನ್ನೆಲ್ಲ ಆಡಿಕೊಂಡು ನಗುವುದು ನನ್ನ ಪಾಲಿಗೆ, ಹೀಗೆ ಚಿಕ್ಕಂದಿನಲ್ಲೇ ಹಂಚಿಕೆಯಾಗಿದೆ. ಆರು ವರ್ಷದ ಹಿಂದೆ ಭಾವನಿಗೆ ಹಾರ್ಟಿನ ತೊಂದರೆಯಾಗಿ ಸ್ಟೆಂಟ್ ಹಾಕಿದರು. ಅಂದಿನಿಂದ ಅಕ್ಕ ಸಂಕಷ್ಟಿ ಹಿಡಿದಿದ್ದಾಳೆ. ಪ್ರತಿ ತಿಂಗಳು, ಚಂದ್ರ ಕಾಣುವ ತನಕ ಊಟವಿಲ್ಲ. ಸಂಕಷ್ಟಿ ಮಂಗಳವಾರ ಬಿದ್ದರೆ ಅದು ಅಂಗಾರಕ ಸಂಕಷ್ಟಿ, ಬಹಳ ವಿಶೇಷ. ಅವತ್ತು ಅವಳು ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ.

ಪೆರುವಿಗೆ ಹೋಗೋಣ ಎಂದಿದ್ದು ನಾನೇ. ಅಕ್ಕತಂಗಿಯರಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಟಿಕೆಟ್ ಬುಕ್ ಮಾಡಿದ ಮೇಲೆ ಅಕ್ಕ ವಿಡಿಯೋ ಕಾಲ್‌ನಲ್ಲಿ ತನ್ನ ಫ್ರಿಜ್ಜಿನ ಮೇಲಿನ ಕ್ಯಾಲೆಂಡರ್ ತೋರಿಸಿದಳು. "ನಾವು ಹೊರಡೋ ದಿನ ಅಂಗಾರಕ ಸಂಕಷ್ಟಿ ಕಣೇ." ಟಿಕೆಟ್ ಬದಲಾಯಿಸಲೇ ಎಂದು ಕೇಳಿದೆ. "ಬೇಡ, ಫ್ಲೈಟಲ್ಲಿ ಹೇಗೂ ಸುಮ್ನೆ ಕೂತಿರೋದು, ಉಪವಾಸಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ," ಅಂದಳು. ಇಬ್ಬರೂ ನಮ್ಮ ನಮ್ಮ ಡಾಕ್ಟರುಗಳ ಹತ್ತಿರ ಹೋಗಿ ಎತ್ತರದ ಕಾಯಿಲೆಗೆ ಮುಂಜಾಗ್ರತೆಯ ಮಾತ್ರೆ ಬರೆಸಿಕೊಂಡೆವು. ಮೇಲೆ ಹೋಗುವ ಹಿಂದಿನ ದಿನ ಶುರು ಮಾಡಬೇಕು, ಊಟದ ಜೊತೆ ತೆಗೆದುಕೊಳ್ಳಬೇಕು, ಚೆನ್ನಾಗಿ ನೀರು ಕುಡಿಯಬೇಕು.

ಹಿಂದಿನ ದಿನ. ಊಟದ ಜೊತೆ. ಚೆನ್ನಾಗಿ ನೀರು. ಈ ಮೂರನ್ನೂ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡುವ ಬುದ್ಧಿ, ತಪ್ಪು ಹುಡುಕುವ ಉದ್ಯೋಗದವಳಾದ ನನಗೂ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಸಿಡ್ನಿಯಿಂದ ಹೊರಟೆವು. ಪೂರ್ವಕ್ಕೆ ಹಾರುವ ವಿಮಾನವಾದ್ದರಿಂದ ಕತ್ತಲು ಬೇಗ ಬಂತು. ಒಂದಷ್ಟು ಹೊತ್ತಿಗೆ ಕಿಟಕಿಯಲ್ಲಿ ಚಂದ್ರನೂ ಬಂದ. ಅಕ್ಕ ನನ್ನ ಮೈಮೇಲೆ ಬಗ್ಗಿ ಕಿಟಕಿಗೆ ಕೈಮುಗಿದಳು, ಡಬ್ಬಿ ತೆರೆದು ಒಗ್ಗರಣೆ ಅವಲಕ್ಕಿ ತಿಂದಳು, ನನಗೂ ಕೊಟ್ಟಳು. ಸಂಕಷ್ಟಿ ಮುಗಿಯಿತು. ಅಲ್ಲಿಗೇ ಮುಗಿಯಬೇಕಿತ್ತು.

ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಇಳಿದಾಗ ಬೆಳಗಿನ ಹನ್ನೊಂದು ಗಂಟೆ. ನಡುವೆ ದಿನದ ಗೆರೆ ದಾಟಿದ್ದರಿಂದ ಅಲ್ಲಿ ಇನ್ನೂ ಅದೇ ಮಂಗಳವಾರ. ನಾವು ಹೊರಟ ಹೊತ್ತಿಗಿಂತ ಮೊದಲೇ ಬಂದು ಇಳಿದಿದ್ದೆವು. ಕಾಫಿಗೆ ಕೂತಾಗ ನಾನು ಫೋನ್ ತೋರಿಸಿ ಅಂದೆ:

"ನೋಡಕ್ಕ, ಇಲ್ಲಿನ್ನೂ ಮಂಗಳವಾರ ಬೆಳಿಗ್ಗೆ. ನೀನು ಅವಲಕ್ಕಿ ತಿಂದಿದ್ದು ಲೆಕ್ಕಕ್ಕಿಲ್ಲ. ಗಣೇಶ ಮತ್ತೆ ಹಾಜರಿ ತಗೋತಾನೆ."

ತಮಾಷೆ. ನನ್ನ ಮಾಮೂಲಿ ತಮಾಷೆ. ಅಕ್ಕ ನಗಲಿಲ್ಲ. ಫೋನನ್ನು ತೆಗೆದುಕೊಂಡು ವಾರ, ತಾರೀಖು ಎರಡನ್ನೂ ನೋಡಿದಳು. ಆಮೇಲೆ ಕಾಫಿ ಕಪ್ಪನ್ನು ನನ್ನ ಕಡೆಗೆ ಸರಿಸಿದಳು.

"ನೀನೇ ಕುಡಿ."

ತಮಾಷೆ ಮಾಡಿದೆ ಎಂದೆ. ತಿಥಿ ಅನ್ನುವುದು ಆಕಾಶದಲ್ಲಿರುತ್ತದೆ, ಫೋನಿನಲ್ಲಲ್ಲ ಎಂದೆ. ಸಂಕಷ್ಟಿಯ ಬಗ್ಗೆ ನನ್ನಿಂದ ಪಾಠ ಹೇಳಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. "ಇರಲಿ ಬಿಡು, ಒಂದಿನ ತಾನೆ," ಅಂದಳು. ನಾನೂ ಹಟ ಹಿಡಿಯಲಿಲ್ಲ. ಎರಡು ಕಪ್ ಕಾಫಿ ಕುಡಿದೆ.

ಅದೇ ಸಂಜೆ ಪೆರುವಿನ ರಾಜಧಾನಿ ಲಿಮಾಗೆ ಬಂದೆವು. ಅಲ್ಲಿ ಅಕ್ಕನ ಸೂಟ್‌ಕೇಸ್ ಬರಲಿಲ್ಲ. ನಾಳೆ ಕುಸ್ಕೋಗೇ ಕಳಿಸುತ್ತೇವೆ ಎಂದು ಬರೆದುಕೊಟ್ಟರು. ಹೊರಗೆ ಬಂದು ನೋಡಿದರೆ ಆಕಾಶವೆಲ್ಲ ಬೂದಿ ಬಣ್ಣದ ಮೋಡ. ಜುಲೈನಲ್ಲಿ ಲಿಮಾದ ಆಕಾಶ ಹಾಗೇ ಇರುತ್ತದಂತೆ. ಚಂದ್ರ ಕಾಣಲಿಲ್ಲ. ಕಾಣದಿದ್ದರೆ ಮಾರನೇ ದಿನ ಸ್ನಾನ, ಪೂಜೆ ಮುಗಿಸಿ ಊಟ ಮಾಡುವುದು ಅಕ್ಕನ ಪದ್ಧತಿ. ಮಾರನೇ ದಿನ ಬೆಳಿಗ್ಗೆ ಬೇಗ ಕುಸ್ಕೋ ವಿಮಾನ ಹತ್ತಿದೆವು. ಅಲ್ಲಿ ಹೋಟೆಲಿನವರು ಎತ್ತರಕ್ಕೆ ಒಳ್ಳೆಯದೆಂದು ಕೋಕಾ ಎಲೆಯ ಬಿಸಿ ಚಹ ತಂದುಕೊಟ್ಟರು, ಅಕ್ಕ ಮುಟ್ಟಲಿಲ್ಲ. ಸ್ನಾನವೇನೋ ಮಾಡಬಹುದಿತ್ತು, ಮಾಡಿ ಉಡುವುದೇನು? ಮಡಿ ಬಟ್ಟೆಯೆಲ್ಲ ಸೂಟ್‌ಕೇಸಿನಲ್ಲಿ. ನನ್ನದು ಕೊಡುತ್ತೇನೆಂದೆ.

"ನಿನ್ನ ಜೀನ್ಸ್ ಹಾಕ್ಕೊಂಡು ಪೂಜೆ ಮಾಡ್ಲಾ? ಹೋಗೇ. ಮೊದಲು ಹೋಗಿ ಸೂಟ್‌ಕೇಸ್ ತಗೊಂಬಾ."

"ಮಾತ್ರೆನಾದ್ರೂ ತಗೊಂಡ್ಯಾ?"

"ಹೂಂ, ಹೂಂ."

ಏರ್‌ಪೋರ್ಟಿನ ಕೌಂಟರಿನಲ್ಲಿ ನನಗೆ ಮೂರು ಗಂಟೆ ಹಿಡಿಯಿತು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಸ್ಪ್ಯಾನಿಷ್ ಬಾರದು. ಫೋನಿನಲ್ಲಿ ಅನುವಾದ ಮಾಡಿ ತೋರಿಸಿದರೆ ಅವರು ಓದಿ ತಲೆಯಾಡಿಸಿ ಬೇರೆ ಸಾಲಿಗೆ ಕಳಿಸುತ್ತಿದ್ದರು. ನನಗೂ ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು, ಎದೆಯಲ್ಲಿ ಡಬಡಬ. ಆದರೆ ಮಾತ್ರೆ ತೆಗೆದುಕೊಂಡಿದ್ದೆ, ನೀರು ಕುಡಿದಿದ್ದೆ, ನಿಂತುಕೊಳ್ಳಬಲ್ಲವಳಾಗಿದ್ದೆ. ಕೊನೆಗೆ ಸೂಟ್‌ಕೇಸ್ ಇನ್ನೂ ಸ್ಯಾಂಟಿಯಾಗೋದಲ್ಲೇ ಇದೆ ಎಂದು ಗೊತ್ತಾಯಿತು. ವಾಪಸು ಬಂದು ನೋಡಿದರೆ ಮೆಟ್ಟಿಲ ಮೇಲೆ ಅಕ್ಕ, ಕೈಯಲ್ಲಿ ನಿಂಬೆಹಣ್ಣು.

ನಮ್ಮ ಮನೆಯಲ್ಲಿ ಉಪವಾಸದ ಮರುದಿನ ತಲೆನೋವು ಬಂದರೆ ಅದು ಪಿತ್ತ. ಅಮ್ಮನಿಗೆ ಬರುತ್ತಿತ್ತು, ಅಜ್ಜಿಗೂ ಬರುತ್ತಿತ್ತು. ನಿಂಬೆರಸಕ್ಕೆ ಸಕ್ಕರೆ ಹಾಕಿ ಕುಡಿದು, ವಾಂತಿಯಾದರೆ ಒಳ್ಳೆಯದೇ ಆಯಿತೆಂದು ಮಲಗಿಬಿಡುವುದು. ನಾನು ದೇವರನ್ನು ನಂಬದವಳು ನಿಜ, ಆದರೆ ಪಿತ್ತವನ್ನು ನಂಬುತ್ತೇನೆ. ಅವಳನ್ನು ಹಿಡಿದುಕೊಂಡು ರೂಮಿಗೆ ಹತ್ತಿಸಿ ನಿಂಬೆ ಪಾನಕ ಮಾಡಿಕೊಟ್ಟೆ. ಸೂಟ್‌ಕೇಸಿನ ಆಸೆ ಬಿಟ್ಟು ಅವಳು ಕೈಕಾಲು ತೊಳೆದು, ಕಿಟಕಿಗೆ ನಮಸ್ಕಾರ ಮಾಡಿ ಕುಡಿದಳು. ವಾಂತಿಯಾಯಿತು. ಎರಡು ಬಿಸ್ಕತ್ತು ತಿಂದಳು, ಅದೂ ಬಂತು.

"ಹೋಯ್ತು ಬಿಡು ಪಿತ್ತ," ಅಂದೆ.

"ಹೂಂ. ಈಗ ಹಗುರ ಆಯ್ತು," ಅಂದಳು. ಹಗುರ ಆಗಿರಲಿಲ್ಲ. ನನ್ನ ರಜ ಹಾಳಾಗಬಾರದೆಂದು ಹಾಗೆ ಹೇಳಿದ್ದೆಂದು ಆಮೇಲೆ ಒಪ್ಪಿಕೊಂಡಳು. ಅವಳು ಮಲಗಿದಳು. ನಿದ್ದೆ ಮಾಡಿದರೆ ಸರಿಹೋಗುತ್ತದೆಂದು ನಾನೂ ಮಲಗಿದೆ.

ಗುರುವಾರ ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಬಂದಿತ್ತು. ಅಕ್ಕ ಮಂಚದ ಅಂಚಿನಲ್ಲಿ ಕೂತು ಎಡಗಾಲಿನ ಶೂ ಅನ್ನು ಬಲಗಾಲಿಗೆ ಹಾಕಿಕೊಳ್ಳಲು ಹೆಣಗುತ್ತಿದ್ದಳು.

"ಎಲ್ಲಿಗೆ ಹೊರಟೆ?"

"ಎಂಟು ಹತ್ತರ ಟ್ರೇನು. ನನ್ ಕಾರ್ಡೆಲ್ಲಿ?" ಆಮೇಲೆ ನನ್ನ ಮುಖ ನೋಡಿದಳು. "ಲೇಟಾಗತ್ತೆ, ಬೇಗ ಡಬ್ಬಿ ಕಟ್ಟಮ್ಮ."

ಅವಳು ಅಮ್ಮ ಎಂದಿದ್ದು ನನ್ನನ್ನು.

ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಅಕ್ಕ ದಿನಾ ಆ ಟ್ರೇನು ಹಿಡಿಯುವ ಚಾಟ್ಸ್‌ವುಡ್ ಸ್ಟೇಷನ್ನನ್ನು ಅಮ್ಮ ನೋಡಿದವಳೇ ಅಲ್ಲ. ನಾನು "ಅಕ್ಕ, ನಾನು ಪಮ್ಮಿ," ಎಂದೆ. ಅವಳು "ಪಮ್ಮಿ ಸ್ಕೂಲಿಗೆ ಹೋದ್ಲಾ?" ಎಂದು ಕೇಳಿದಳು. ತೊದಲಲಿಲ್ಲ, ಅಳಲಿಲ್ಲ, ದಿನಾ ಬೆಳಿಗ್ಗೆ ಮಾತಾಡುವ ಹಾಗೆಯೇ ಮಾತಾಡಿದಳು.

ರಿಸೆಪ್ಷನ್ನಿಗೆ ಓಡಿದೆ. ಓಡಿದೆ ಅಂದುಕೊಂಡೆ, ಗೋಡೆ ಹಿಡಿದು ಹಿಡಿದು ಇಳಿದೆ. ಅಲ್ಲಿದ್ದ ಮಾರ್ತಾ ಎಂಬಾಕೆ ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡಳು. ಅವಳಿಗೆ ಇಂಥವರು ಹೊಸಬರಲ್ಲ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತೆಗೆದುಕೊಂಡು ನನ್ನ ಜೊತೆ ಮೇಲೆ ಬಂದಳು. ನನ್ನ ಬೆರಳಿನಲ್ಲಿ ಎಂಬತ್ತೊಂಬತ್ತು ತೋರಿಸಿತು. ಅಕ್ಕನ ಬೆರಳಿನಲ್ಲಿ ಅರವತ್ತೆಂಟು.

ಮಾರ್ತಾ ಫೋನ್ ಮಾಡಿದ ಇಪ್ಪತ್ತು ನಿಮಿಷದಲ್ಲಿ ಡಾಕ್ಟರ್ ಬಂದರು. ಅರವತ್ತರ ಹತ್ತಿರದ ಹೆಂಗಸು, ನಿಧಾನದ ಇಂಗ್ಲಿಷ್. ಅಕ್ಕನನ್ನು ಎಬ್ಬಿಸಿ ನಿಲ್ಲಿಸಿ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲು ಹೇಳಿದರು. ಅಕ್ಕ ಎರಡು ಹೆಜ್ಜೆ ಇಟ್ಟು ಬೀರುವಿನ ಮೇಲೆ ಬಿದ್ದಳು. ಬಿದ್ದು ನಕ್ಕಳು. ಡಾಕ್ಟರ್ ನಗಲಿಲ್ಲ.

ಕಾಯಿಲೆಯ ಹೆಸರು ಹೇಸ್. ಎತ್ತರದಲ್ಲಿ ಆಮ್ಲಜನಕ ಸಾಲದೆ ಮೆದುಳು ಊದಿಕೊಳ್ಳುವುದು. ತಡಮಾಡಿದರೆ ಕೋಮಾ. ಇನ್ನೂ ತಡಮಾಡಿದರೆ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕ್ಲಿನಿಕ್ಕು ಹತ್ತಿರದಲ್ಲೇ ಇತ್ತು. ಮೂಗಿಗೆ ಆಕ್ಸಿಜನ್ ಮಾಸ್ಕ್, ತೋಳಿಗೆ ಮೆದುಳಿನ ಊತ ಇಳಿಸುವ ಡೆಕ್ಸಾಮೆಥಸೋನ್ ಇಂಜೆಕ್ಷನ್. ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕೂರಿಸಿ ಒಂದೊಂದೇ ಪ್ರಶ್ನೆ ಕೇಳಿದರು. ತಲೆನೋವು ಯಾವಾಗ ಶುರುವಾಯಿತು? ಮಾತ್ರೆ ತೆಗೆದುಕೊಂಡಿದ್ದರೇ? ಹೌದು ಎಂದೆ. ಎಷ್ಟು ಎಂದರು. ನೋಡಿ ಹೇಳುತ್ತೇನೆಂದು ಅಕ್ಕನ ಕೈಚೀಲ ತೆರೆದೆ.

ಸ್ಟ್ರಿಪ್ ತುಂಬಿತ್ತು. ಒಂದು ಮಾತ್ರೆಯನ್ನೂ ತೆಗೆದಿರಲಿಲ್ಲ.

ಡಬ್ಬಿಯ ಮೇಲಿನ ಚೀಟಿಯಲ್ಲಿ ಊಟದ ಜೊತೆ ಎಂದು ಬರೆದಿತ್ತಲ್ಲ. ಊಟ ಇರಲಿಲ್ಲ, ಮಾತ್ರೆಯೂ ಇರಲಿಲ್ಲ. ಅವಳ ಲೆಕ್ಕದಲ್ಲಿ ಅದು ಸರಿಯೇ. ಕೊನೆಯ ಊಟ ಯಾವಾಗ ಎಂದು ಡಾಕ್ಟರ್ ಕೇಳಿದರು. ಪೆಸಿಫಿಕ್ ಸಮುದ್ರದ ಮೇಲೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಸಂಕಷ್ಟಿ ಎಂದರೇನು, ಚಂದ್ರ ಯಾಕೆ ಬೇಕು, ಒಂದೇ ಮಂಗಳವಾರ ಎರಡು ಸಲ ಹೇಗೆ ಬಂತು, ಎಲ್ಲ ಹೇಳಿದೆ. ಎರಡನೆಯದನ್ನು ಶುರುಮಾಡಿಸಿದ್ದು ನನ್ನ ತಮಾಷೆ ಎಂಬುದನ್ನು ಮಾತ್ರ ಹೇಳಲಿಲ್ಲ. ಡಾಕ್ಟರಿಗೆ ಅದು ಬೇಕಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

"ಉಪವಾಸದಿಂದ ಈ ಕಾಯಿಲೆ ಬರುವುದಿಲ್ಲ," ಎಂದರು ಅವರು. "ಚೆನ್ನಾಗಿ ಉಂಡವರಿಗೂ ಬರುತ್ತದೆ. ಆದರೆ ಉಪವಾಸ ಅದನ್ನು ಮುಚ್ಚಿಟ್ಟಿತು. ನಿಮಗೆ ತಲೆನೋವಿಗೆ ಬೇರೊಂದು ಕಾರಣ ಕೈಯಲ್ಲೇ ಇತ್ತು."

ಕೆಳಗೆ ಇಳಿಸುವುದೊಂದೇ ನಿಜವಾದ ಔಷಧ. ಅಂದು ಮಧ್ಯಾಹ್ನದ ಲಿಮಾ ವಿಮಾನಕ್ಕೆ ಸೀಟು ಮಾಡಿಸಿದರು. ಹನ್ನೊಂದಕ್ಕೆ ಮೋಡ ಬಂದು ರನ್‌ವೇ ಮೇಲೆ ಕೂತು, ವಿಮಾನ ಕ್ಯಾನ್ಸಲ್ ಆಯಿತು. ಟ್ಯಾಕ್ಸಿಯಲ್ಲಿ ಹೋಗೋಣವೆಂದೆ. ಆ ಊರಿನಿಂದ ಕೆಳಗಿನ ಕಣಿವೆಗೆ ಹೋಗುವ ರಸ್ತೆ ಮೊದಲು ಇನ್ನೂ ಮುನ್ನೂರು ಮೀಟರ್ ಮೇಲೆ ಹತ್ತಿ ಆಮೇಲೆ ಇಳಿಯುತ್ತದಂತೆ. ಅಕ್ಕ ಆ ಮುನ್ನೂರು ಮೀಟರನ್ನು ತಡೆದುಕೊಳ್ಳುವಳೆಂದು ಹೇಳಲಾರೆ ಎಂದರು ಡಾಕ್ಟರ್.

ಆಗ ಆ ಚೀಲವನ್ನು ತಂದರು. ಕೆಂಪು ಬಣ್ಣದ, ಒಬ್ಬರು ಮಲಗುವಷ್ಟು ಉದ್ದದ, ಗಾಳಿ ತುಂಬುವ ಚೀಲ. ರೋಗಿಯನ್ನು ಒಳಗೆ ಮಲಗಿಸಿ ಜಿಪ್ ಹಾಕಿ, ಕಾಲಿನಿಂದ ಪಂಪು ಒತ್ತಿ ಗಾಳಿಯ ಒತ್ತಡ ಏರಿಸಿದರೆ, ಒಳಗಿರುವವರಿಗೆ ಒಂದೂವರೆ ಸಾವಿರ ಮೀಟರ್ ಕೆಳಗಿಳಿದಷ್ಟೇ ಅನುಕೂಲ. ಮುಖದ ಹತ್ತಿರ ಒಂದು ಪ್ಲಾಸ್ಟಿಕ್ ಕಿಟಕಿ. ಒಳಗಿನ ಗಾಳಿ ಕೆಡದ ಹಾಗೆ ನಿಮಿಷಕ್ಕೆ ಹತ್ತು ಹನ್ನೆರಡು ಸಲ ಒತ್ತುತ್ತಲೇ ಇರಬೇಕು. ನಿಲ್ಲಿಸುವಂತಿಲ್ಲ.

ಇದ್ದಿದ್ದು ಒಬ್ಬ ನರ್ಸ್. "ನಾನು ಒತ್ತುತ್ತೇನೆ," ಎಂದೆ. ಆಕೆಯೂ ನಾನೂ ಕಾಲು ಗಂಟೆಗೊಮ್ಮೆ ಬದಲಾಯಿಸಿಕೊಂಡೆವು.

ಹತ್ತು ಸಲ ಒತ್ತುವುದರಲ್ಲಿ ನನ್ನ ಉಸಿರು ಕಟ್ಟುತ್ತಿತ್ತು. ತೊಡೆ ನಡುಗುತ್ತಿತ್ತು. ಕಿಟಕಿಯಲ್ಲಿ ಅಕ್ಕನ ಮುಖ ಕಾಣುತ್ತಿತ್ತು, ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಿದ್ದಳು. ಗಾಳಿಯ ಸದ್ದಿಗೆ ಹೊರಗಿನ ಮಾತು ಒಳಗೆ ಕೇಳುವುದಿಲ್ಲ ಎಂದು ನರ್ಸ್ ಕೈಸನ್ನೆಯಲ್ಲಿ ಹೇಳಿದ್ದಳು. ಅದಕ್ಕೇ ಧೈರ್ಯ ಬಂತು. ಪಂಪು ಒತ್ತುತ್ತ ಒತ್ತುತ್ತ ಕನ್ನಡದಲ್ಲಿ ಎಲ್ಲ ಹೇಳಿಬಿಟ್ಟೆ. ಅಕ್ಕ, ನಾನು ಸುಮ್ಮನೆ ಆಡಿದ್ದು. ಮಂಗಳವಾರ ಎರಡು ಸಲ ಬಂದರೆ ಸಂಕಷ್ಟಿ ಎರಡು ಸಲ ಬರುವುದಿಲ್ಲ. ನನಗೆ ಅದು ಗೊತ್ತಿತ್ತು. ನೀನು ಕಾಫಿ ಸರಿಸಿದಾಗ ಕೈಹಿಡಿದು ಕುಡಿಸಬೇಕಿತ್ತು. ಭಾವನಿಗೆ ಏನಂತ ಹೇಳಲಿ? ನೀನು ಎದ್ದುಬಿಡು, ಇನ್ನು ಯಾವತ್ತೂ ಆಡಿಕೊಳ್ಳುವುದಿಲ್ಲ. ಅಳುತ್ತ ಒತ್ತಿದರೆ ಉಸಿರು ಸಾಲುವುದಿಲ್ಲವೆಂದು ಅಳುವನ್ನು ನಿಲ್ಲಿಸಿಕೊಂಡು ಒತ್ತಿದೆ.

ಚೀಲ ಬಿಚ್ಚಿದ್ದು ಎರಡು ಗಂಟೆಯ ಮೇಲೆ. ಅಕ್ಕ ಎದ್ದು ಕೂತು ಸುತ್ತ ನೋಡಿದಳು.

"ಪಮ್ಮಿ, ಯಾಕೇ ಹಿಂಗಿದ್ದೀಯ? ಬೆವೆತು ಹೋಗಿದ್ದೀಯಲ್ಲ."

ಪಮ್ಮಿ ಎಂದಳು. ಅಷ್ಟು ಸಾಕಾಯಿತು ನನಗೆ.

ಆಮೇಲೆ ಭಾವನಿಗೆ ಫೋನ್ ಮಾಡಿದೆ. ಸಿಡ್ನಿಯಲ್ಲಿ ಆಗ ಶುಕ್ರವಾರ ಬೆಳಗಿನ ಜಾವ. ಹೇಳಬೇಕಾದ್ದನ್ನೆಲ್ಲ ಡಾಕ್ಟರು ಹೇಳಿದ ಹಾಗೆಯೇ ಹೇಳಿದೆ.

"ನಿಜ ಹೇಳು ಪದ್ಮ, ಅವಳು ಈಗ ಮಾತಾಡ್ತಾ ಇದಾಳಾ?"

"ಮಾತಾಡ್ತಿದಾಳೆ ಭಾವ. ನನ್ನ ಬೈತಾನೂ ಇದಾಳೆ."

"ಉಪವಾಸ ಫ್ಲೈಟಲ್ಲೇ ಮುಗೀತು ತಾನೆ?"

"ಅದು... ಬಂದ್ಮೇಲೆ ಹೇಳ್ತೀನಿ ಭಾವ." ಫೋನ್ ಅಕ್ಕನಿಗೆ ಕೊಟ್ಟೆ.

ಶುಕ್ರವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಸಣ್ಣ ಆಕ್ಸಿಜನ್ ಸಿಲಿಂಡರಿನ ಜೊತೆ, ಆ ನರ್ಸಿನ ಜೊತೆ, ಮೊದಲ ವಿಮಾನದಲ್ಲಿ ಲಿಮಾಗೆ ಇಳಿದೆವು. ಏರ್‌ಪೋರ್ಟಿನಲ್ಲಿ ಅಕ್ಕನ ಬೆರಳು ತೊಂಬತ್ತಾರು ತೋರಿಸಿತು. ಬೂದಿ ಮೋಡದ ಆ ಊರು ಎಷ್ಟು ಚೆಂದ ಕಂಡಿತೆಂದು ಹೇಳಲಾರೆ. ಅಲ್ಲಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ನೋಡಬೇಕೆಂದು ಹೋಗಿದ್ದ ಕಲ್ಲಿನ ಕೋಟೆ, ಗುಡ್ಡ ಯಾವುದನ್ನೂ ನೋಡಲಿಲ್ಲ. ಸೂಟ್‌ಕೇಸ್ ಮಾತ್ರ ಊರೂರು ಸುತ್ತಿ, ನಮಗಿಂತ ಮೊದಲೇ ಸಿಡ್ನಿಗೆ ತಲುಪಿತ್ತು.

ನಾನು ಕ್ರೇಗಿಬರ್ನ್‌ಗೆ ಹೋಗದೆ ಮೂರು ವಾರ ಚಾಟ್ಸ್‌ವುಡ್ಡಿನಲ್ಲೇ ಉಳಿದೆ. ಆಫೀಸಿನ ಕೆಲಸ ಅಲ್ಲಿಂದಲೇ ಮಾಡಿದೆ. ಎಂಆರ್‌ಐ ಆಯಿತು. ನ್ಯೂರಾಲಜಿಸ್ಟ್ ಸ್ಕ್ಯಾನ್ ನೋಡಿ, ಮೆದುಳಿಗೆ ಉಳಿಯುವಂಥ ಪೆಟ್ಟೇನೂ ಬಿದ್ದಿಲ್ಲ ಎಂದರು. ಗುರುವಾರ ಬೆಳಗಿನದು ಅಕ್ಕನಿಗೆ ನೆನಪೇ ಇಲ್ಲ. ಮೊದಲ ವಾರ ಮೆಟ್ಟಿಲು ಇಳಿಯುವಾಗ ಕೈ ಹಿಡಿಯಲು ಬಿಡುತ್ತಿದ್ದಳು, ಎರಡನೇ ವಾರ "ಬಿಡೇ, ನಾನೇನು ಮುದುಕಿನಾ" ಎಂದಳು. ಕೆಲವೊಮ್ಮೆ ಮಾತಿನ ನಡುವೆ ಒಂದು ಪದ ಸಿಗದೆ ನಿಲ್ಲುತ್ತಾಳೆ. ಮೊದಲೂ ನಿಲ್ಲುತ್ತಿದ್ದಳೇ ಎಂದು ನಾನೂ ಭಾವನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. ನಿಲ್ಲುತ್ತಿದ್ದಳು ಅಂತಲೇ ತೀರ್ಮಾನಿಸಿದ್ದೇವೆ.

ಭಾವನಿಗೆ ಹೇಳಬೇಕಾದ್ದನ್ನು ಮೊದಲ ದಿನವೇ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅವಳು ಯಾರ ಮಾತು ಕೇಳ್ತಾಳೆ ಹೇಳು," ಎಂದು ವಾಕಿಂಗ್ ಹೋದರು. ಅಕ್ಕನಿಗೆ ಹೇಳುವುದು ಮಾತ್ರ ಬಾಕಿ ಉಳಿಯಿತು. ಚೀಲದ ಹೊರಗೆ ನಿಂತು ಹೇಳಿದ್ದು ಅವಳಿಗೆ ಕೇಳಿಲ್ಲವಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವಳು ತಂದುಕೊಟ್ಟ ಕಾಫಿ ಕುಡಿದು ಆಫೀಸಿನ ಕೆಲಸಕ್ಕೆ ಕೂರುತ್ತಿದ್ದೆ.

ಮೂರನೇ ವಾರದ ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಅಡುಗೆಮನೆಯ ಟೇಬಲ್ಲಿನಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆವು. ಫ್ರೋಜನ್ ಅವರೆಕಾಳು, ಇಂಡಿಯನ್ ಅಂಗಡಿಯದು. ಅದನ್ನು ಹಿದುಕುವುದರಲ್ಲಿ ಮಜವಿಲ್ಲ, ಆದರೂ ಕೈಗೆ ಕೆಲಸ. ಅಕ್ಕನೇ ಶುರುಮಾಡಿದಳು.

"ಆ ಚೀಲದೊಳಗೆ ಹಾಕಿದ್ರಲ್ಲ, ಆಗ ನೀನು ಏನೋ ಒಂದೇ ಸಮ ಹೇಳ್ತಿದ್ದೆ. ಬಾಯಿ ಆಡ್ತಿದ್ದಿದ್ದು ಕಾಣ್ತಿತ್ತು. ಏನೇ ಅದು?"

ಹೇಳಿದೆ. ತಲೆ ಎತ್ತದೆ, ಅವರೆಕಾಳು ನೋಡುತ್ತಲೇ ಹೇಳಿದೆ. ನನ್ನ ಒಂದು ಕೆಟ್ಟ ತಮಾಷೆಗೆ ನೀನು ಜೀವಕ್ಕೇ ಸಂಚಕಾರ ತಂದುಕೊಂಡೆ, ನನ್ನನ್ನು ಕ್ಷಮಿಸು ಎಂದೆ. ಕ್ಷಮಿಸು ಎಂಬ ಪದವನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಯಾವತ್ತೂ ಆಡಿದ್ದಿಲ್ಲ. ಅಕ್ಕ ಕೈ ನಿಲ್ಲಿಸಿದಳು.

"ತಮಾಷೆ ಅಂತ ನಂಗೆ ಗೊತ್ತಿರ್ಲಿಲ್ವಾ? ಆರು ವರ್ಷದಿಂದ ಮಾಡ್ತಿದೀನಿ, ಸಂಕಷ್ಟಿ ಯಾವಾಗ ಮುಗಿಯತ್ತೆ ಅಂತ ನೀನು ಹೇಳ್ಕೊಡ್ಬೇಕಾ?"

"ಮತ್ಯಾಕೆ ಮಾಡ್ದೆ?"

"ನಿಮ್ಮ ಭಾವನ ಹೆಸರಲ್ಲಿ ಮಾಡಿದ್ದು ಫ್ಲೈಟಲ್ಲೇ ಮುಗೀತು. ಇಳಿದ್ರೆ ಇನ್ನೊಂದು ಅಂಗಾರಕ ಸಂಕಷ್ಟಿ. ಹಂಗೆ ಯಾರಿಗೆ ಸಿಗತ್ತೆ ಹೇಳು, ಒಂದಿನ ಪೂರ್ತಿ ಬಿಟ್ಟಿ ಸಿಕ್ಕಿತ್ತು. ಇದನ್ನ ನಿನ್ನ ಹೆಸರಲ್ಲಿ ಮಾಡೋಣ ಅನ್ನಿಸ್ತು." ಮತ್ತೆ ಅವರೆಕಾಳಿಗೆ ಕೈಹಾಕಿದಳು. "ಭಾವಂಗಾದ್ರೆ ನಾನಿದೀನಿ. ನಿಂಗ್ಯಾರು ಮಾಡ್ತಾರೆ?"

ಯಾವ ಮಾತಿಗಾದರೂ ನನ್ನ ಹತ್ತಿರ ಒಂದು ಉತ್ತರ ಇರುತ್ತದೆ. ನಂಬಿಕೆ ಇಲ್ಲದವಳ ಹೆಸರಲ್ಲಿ ವ್ರತ ಮಾಡಿದರೆ ಫಲ ಯಾರಿಗೆ ಹೋಗುತ್ತದೆ ಎಂದು ಕೇಳಬಹುದಿತ್ತು. ನನಗೆ ಇದೆಲ್ಲ ಬೇಡ, ನಿನ್ನ ಆರೋಗ್ಯ ಸಾಕು ಎನ್ನಬಹುದಿತ್ತು. ಆದರೆ ಬೇಕಾಗಿತ್ತು ನನಗೆ. ಬಹಳ ದಿನದಿಂದ ಬೇಕಾಗಿತ್ತು ಎಂದು ಆಗಲೇ ತಿಳಿದದ್ದು.

ಬಟ್ಟಲು ಅರ್ಧ ತುಂಬುವವರೆಗೂ ಇಬ್ಬರೂ ಹಿದುಕಿದೆವು.

"ಇನ್ಮೇಲೆ ನನ್ನ ಹೆಸರಲ್ಲಿ ಮಾಡೋವಾಗ," ಅಂದೆ, "ನೀರು ಕುಡಿಬೇಕು."

"ನೋಡೋಣ," ಅಂದಳು ಅಕ್ಕ.